‘ಬೇಕು’ ಎಂಬುದು ಬತ್ತಿಹೋದಾಗ

ದಸರೆಯ ರಜೆ ಮುಗಿದು ಶಾಲೆಗಳು ತೆರೆದ ಮೇಲೆ, ಜಹೀರಾಬಾದಿನ ಸಮೀಪದ ಒಂದು ಕನ್ನಡ ಶಾಲೆಯ ಪಾಲಕರ ಸಭೆಗೆ ಹೋಗಿದ್ದೆ. ಏಳನೆಯ ತರಗತಿಯ ಹುಡುಗನೊಬ್ಬನ ಅಂಕಗಳು ಒಮ್ಮೆಲೇ ಇಳಿದಿದ್ದವು. ಗುರುಗಳು ಕಾರಣ ಕೇಳಿದಾಗ ತಾಯಿ ತಲೆ ತಗ್ಗಿಸಿ ನಿಂತರು. ಉತ್ತರ ಕೊಟ್ಟವನು ಹುಡುಗನೇ: “ಮನ್ಯಾಗ ದಿನಾ ಜಗಳ್ರೀ ಸರ್. ನಮ್ಮ ಮುತ್ಯಾಗ ಏನೂ ಬೇಕನಸಾಂಗಿಲ್ರೀ. ಅದಕ್ಕ ಎಲ್ಲಾರೂ ಬೈತಾರ.”

ಸಭೆ ಮುಗಿದ ಮೇಲೆ ಆ ತಾಯಿಯೊಡನೆ ಮಾತನಾಡಿದೆ. ಮುತ್ಯಾನಿಗೆ ಅರವತ್ತೆಂಟು ವರ್ಷ. ತೊಗರಿ, ಜೋಳ ಬೆಳೆದು, ಮೂರು ಮಕ್ಕಳನ್ನು ದಡ ಮುಟ್ಟಿಸಿದ ರೈತರು. ಒಂದೂವರೆ ವರ್ಷದ ಹಿಂದೆ ಲಘುವಾಗಿ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಎರಡು ತಿಂಗಳಲ್ಲಿ ಕೈ ಬಂತು, ಮಾತು ಮೊದಲಿನಂತೆಯೇ ಇತ್ತು, ನಡಿಗೆಗೆ ಏನೂ ಕುಂದಾಗಿರಲಿಲ್ಲ. ವೈದ್ಯರು ಗುಣವಾಯಿತೆಂದರು, ಮನೆಯವರು ದೇವರಿಗೆ ಕಾಯಿ ಒಡೆದರು. ಆದರೆ ಮನೆಗೆ ಮರಳಿ ಬಂದವರು ಹಳೆಯ ಮುತ್ಯಾ ಆಗಿರಲಿಲ್ಲ. ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತರೆ ಬಿಸಿಲು ಕಾಲಿಗೆ ಬಂದರೂ ಸರಿದು ಕೂಡುವುದಿಲ್ಲ. ತಟ್ಟೆ ಮುಂದಿಟ್ಟರೆ ಉಣ್ಣುತ್ತಾರೆ. ಇಡದಿದ್ದರೆ ಹಸಿವೆಂದು ಹೇಳುವುದಿಲ್ಲ. ಹೊಲದಲ್ಲಿ ತೊಗರಿಗೆ ಕೀಡೆ ಬಿದ್ದ ಸುದ್ದಿ ಹೇಳಿದರೆ “ಹೌದಾ” ಎನ್ನುತ್ತಾರೆ, ಅಷ್ಟೆ. ಮೊಮ್ಮಗಳ ಮದುವೆ ನಿಶ್ಚಯವಾದ ದಿನವೂ ಅದೇ “ಹೌದಾ.”

ಆ ತಾಯಿಯನ್ನು ಹೆಚ್ಚು ನೋಯಿಸಿದ್ದು ಹಿಂದಿನ ವರ್ಷದ ಎಳ್ಳಮಾವಾಸ್ಯೆ. ನಮ್ಮ ಸೀಮೆಯಲ್ಲಿ ಆ ಹಬ್ಬವೆಂದರೆ ಏನೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ ಹೊತ್ತು ಮನೆಮಂದಿಯೆಲ್ಲ ಹೊಲಕ್ಕೆ ನಡೆಯುವ ದಿನ. ನಲವತ್ತು ವರ್ಷ ಆ ಹೊಲದಲ್ಲಿ ಚರಗ ಚೆಲ್ಲಿದವರು ಮುತ್ಯಾ. ಅಂದು “ಮಾವ್ರೇ, ಹೊಲಕ್ಕ ಬರ್ತೀರೇನ್ರೀ?” ಎಂದು ಕೇಳಿದ್ದಕ್ಕೆ ಅವರು ಸುಮ್ಮನೆ ನೋಡಿದರಂತೆ. ಬರುವುದಿಲ್ಲವೆಂದೂ ಹೇಳಲಿಲ್ಲ, ಏಳಲೂ ಇಲ್ಲ. ಮಗನಿಗೆ ಸಿಟ್ಟು ಬಂತು, ಒಂದು ಮಾತು ಹೆಚ್ಚಾಗಿಯೇ ಬಂತು. ಮನೆಮಂದಿ ಹೋದರು, ಮುತ್ಯಾ ಉಳಿದರು.

ಅನಂತರ ಆ ಮನೆಯಲ್ಲಿ ಕಾರಣಗಳ ಹುಡುಕಾಟ ನಡೆಯಿತು. ಮೈಗಳ್ಳತನವೆಂದು ಮಗ. ಸೊಸೆಯ ಮೇಲಿನ ಮುನಿಸೆಂದು ನೆಂಟರು. ಯಾರೋ ಭಾನಾಮತಿ ಮಾಡಿಸಿದ್ದಾರೆಂದು ಪಕ್ಕದ ಮನೆಯ ಹಿರಿಯರು. ಅದಕ್ಕಾಗಿ ಒಬ್ಬನಿಗೆ ಎರಡು ಸಾವಿರ ರೂಪಾಯಿಯನ್ನೂ ಕೊಟ್ಟದ್ದಾಯಿತು. ಮೆದುಳಿಗೆ ತಾಗಿದ ಪೆಟ್ಟಿನ ಉಳಿಕೆ ಇದಾಗಿರಬಹುದೆಂದು ಯಾರೂ ಎಣಿಸಲಿಲ್ಲ. ಎಣಿಸುವುದಾದರೂ ಹೇಗೆ? ಕೈ ಬಂದಿತ್ತಲ್ಲ!

ಪಾರ್ಶ್ವವಾಯು, ಪಾರ್ಕಿನ್ಸನ್ ಅಥವಾ ಕಂಪವಾತ, ಆಲ್ಝೈಮರ್ ಮೊದಲಾದ ಮರೆವಿನ ರೋಗಗಳು, ತಲೆಗೆ ಬಿದ್ದ ಏಟು, ಇವುಗಳ ಹಿಂದೆ ಬರುವ ಈ ಸ್ಥಿತಿಗೆ ವೈದ್ಯರು ‘ಅಪಥಿ’ ಎನ್ನುತ್ತಾರೆ. ಮೂಲ ಗ್ರೀಕ್ ಪದ ಒಂದು ಕಾಲಕ್ಕೆ ಹೊಗಳಿಕೆಯಾಗಿತ್ತು. ರಾಗದ್ವೇಷಗಳಿಂದ ಬಿಡಿಸಿಕೊಂಡ ಜ್ಞಾನಿಯ ಲಕ್ಷಣವೆಂದು ಸ್ಟೋಯಿಕ್ ತತ್ತ್ವಜ್ಞರು ಅದನ್ನು ಬಳಸುತ್ತಿದ್ದರು. ನಮ್ಮ ‘ಉದಾಸೀನ’ಕ್ಕೂ ಅದೇ ಗತಿಯಾಗಿದೆ. ಗೀತೆಯಲ್ಲಿ ಅದು ಗುಣಾತೀತನ ಲಕ್ಷಣ. ನಮ್ಮ ಆಡುಮಾತಿನಲ್ಲಿ ಬೈಗುಳಕ್ಕೆ ಹತ್ತಿರ. ಹೀಗೆ ಒಂದು ಕಡೆ ಸಿದ್ಧಿ, ಇನ್ನೊಂದು ಕಡೆ ದೋಷ ಎಂದು ಕಾಣುವ ಪದವನ್ನೇ ರೋಗಕ್ಕೂ ಇಟ್ಟರೆ ಗೊಂದಲವಾಗುತ್ತದೆ. ಹುಡುಗ ಹೇಳಿದ ಮಾತೇ ನನಗೆ ಹೆಚ್ಚು ಸರಿಯೆನಿಸಿತು: ಏನೂ ಬೇಕೆನಿಸದಿರುವುದು.

ಈ ಸ್ಥಿತಿಯನ್ನು ಪ್ರತ್ಯೇಕವಾಗಿ ಗುರುತಿಸಬೇಕೆಂದು 1990ರ ಸುಮಾರಿಗೆ ವಾದಿಸಿದವರು ಅಮೆರಿಕದ ಮನೋವೈದ್ಯ ರಾಬರ್ಟ್ ಮ್ಯಾರಿನ್. ಎಚ್ಚರ ತಪ್ಪಿದ್ದರಿಂದಲ್ಲದೆ, ಬುದ್ಧಿ ಕುಂದಿದ್ದರಿಂದಲ್ಲದೆ, ದುಃಖದಿಂದಲ್ಲದೆ, ಪ್ರೇರಣೆಯೇ ಕಡಿಮೆಯಾಗುವುದು ಎಂದು ಅವರು ಅದನ್ನು ವಿವರಿಸಿದರು. 1991ರಲ್ಲಿ ಹದಿನೆಂಟು ಅಂಶಗಳ ಒಂದು ಅಳತೆಪಟ್ಟಿಯನ್ನೂ ಸಿದ್ಧಪಡಿಸಿದರು. ಅದರಲ್ಲಿ ರೋಗಿಯೇ ಉತ್ತರಿಸುವ ರೂಪವೊಂದು, ವೈದ್ಯರು ತುಂಬುವ ರೂಪವೊಂದು, ಹತ್ತಿರದವರು ಉತ್ತರಿಸುವ ರೂಪ ಮತ್ತೊಂದು. ಹತ್ತಿರದವರ ಮಾತಿಗೆ ಏಕೆ ಅಷ್ಟು ಬೆಲೆ ಎಂಬುದು ಮುಂದೆ ತಿಳಿದೀತು. ಇದು ಅಪರೂಪದ ಸಂಗತಿಯೇನೂ ಅಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು, ಪಾರ್ಶ್ವವಾಯುವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ, ಪಾರ್ಕಿನ್ಸನ್ ರೋಗಿಗಳಲ್ಲಿ ನೂರಕ್ಕೆ ಸುಮಾರು 40 ಜನರಿಗೆ, ಆಲ್ಝೈಮರ್ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಇದು ಇರುವುದನ್ನು ಕಂಡಿದ್ದಾರೆ.

ಹಾಗಾದರೆ ‘ಬೇಕು’ ಎಂಬುದು ಮೆದುಳಿನಲ್ಲಿ ಎಲ್ಲಿ ಹುಟ್ಟುತ್ತದೆ? ಇದರ ಕಥೆಯಲ್ಲಿ ನಮ್ಮ ನೆಲದ ಎರಡು ಗಿಡಗಳಿವೆ. ವಿದ್ಯಾರ್ಥಿಗಳು ವಿಜ್ಞಾನದ ಪುಸ್ತಕದ ಅಂಚಿನಲ್ಲಿ ಬರೆದಿಟ್ಟುಕೊಳ್ಳಬಹುದಾದಂಥ ಕಥೆ.

ಮೊದಲನೆಯದು ಸರ್ಪಗಂಧ. ರಕ್ತದೊತ್ತಡಕ್ಕೂ ಉನ್ಮಾದಕ್ಕೂ ಇದರ ಬೇರು ಉಪಯುಕ್ತವೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞರು ಆ ಬೇರಿನಿಂದ ರಿಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಈ ರಿಸರ್ಪಿನ್ನನ್ನು ಮೊಲಗಳಿಗೆ ಕೊಟ್ಟು ನೋಡಿದರು. ಮೊಲಗಳು ಸಾಯಲಿಲ್ಲ, ನಿದ್ದೆಯನ್ನೂ ಮಾಡಲಿಲ್ಲ. ಕಿವಿ ಜೋತುಬಿಟ್ಟುಕೊಂಡು, ಇಟ್ಟಲ್ಲೇ ಇದ್ದವು. ಅನಂತರ ಅವುಗಳಿಗೆ ಡೋಪಾ ಎಂಬ ವಸ್ತುವನ್ನು ಚುಚ್ಚಿದಾಗ ಸ್ವಲ್ಪ ಹೊತ್ತಿನಲ್ಲೇ ಎದ್ದು ಓಡಾಡತೊಡಗಿದವು. ಡೋಪಾ ಮೆದುಳಿನಲ್ಲಿ ಡೋಪಮಿನ್ ಆಗಿ ಮಾರ್ಪಡುತ್ತದೆ. ಸರ್ಪಗಂಧದ ಸತ್ತ್ವ ಬರಿದುಮಾಡಿದ್ದನ್ನು ಡೋಪಾ ತುಂಬಿಕೊಟ್ಟಿತ್ತು. ಇದು 1957ರ ಮಾತು. ಈ ಕೆಲಸಕ್ಕೆ ಕಾರ್ಲ್‌ಸನ್ನರಿಗೆ 2000ದಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡನೆಯ ಗಿಡ ನಸುಗುನ್ನಿ. ತೆಲುಗಿನಲ್ಲಿ ದೂಲಗೊಂಡಿ ಎನ್ನುತ್ತಾರೆ. ಬೇಲಿಯ ಮೇಲೆ ಹಬ್ಬುವ ಈ ಬಳ್ಳಿಯ ಕಾಯಿಯ ರೋಮ ಮೈಗೆ ತಾಗಿದರೆ ಏನಾಗುತ್ತದೆಂಬುದನ್ನು ತುಂಟ ಸಹಪಾಠಿಗಳಿಂದ ಕಲಿಯದ ಹಳ್ಳಿಯ ಮಕ್ಕಳು ಕಡಿಮೆ. ಕಂಪವಾತಕ್ಕೆ ಆಯುರ್ವೇದದಲ್ಲಿ ಬಳಕೆಯಲ್ಲಿರುವ ಈ ಬೀಜದಲ್ಲಿ ಅದೇ ಡೋಪಾ ಇರುವುದನ್ನು 1937ರಲ್ಲಿ, ಅಂದರೆ ಕಾರ್ಲ್‌ಸನ್ನರ ಮೊಲಗಳಿಗಿಂತ ಇಪ್ಪತ್ತು ವರ್ಷ ಮೊದಲು, ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ತೋರಿಸಿಕೊಟ್ಟಿದ್ದರು. ಇದನ್ನು ಓದಿ ಯಾರೂ ಮನೆಯ ಹಿರಿಯರಿಗೆ ನಸುಗುನ್ನಿ ಬೀಜ ಕುಟ್ಟಿ ಕೊಡಬಾರದು. ಬೀಜದಿಂದ ಬೀಜಕ್ಕೆ ಡೋಪಾದ ಪ್ರಮಾಣ ಬದಲಾಗುತ್ತದೆ. ಆಸ್ಪತ್ರೆಯ ಮಾತ್ರೆಯ ಜೊತೆಗೆ ಅದೂ ಸೇರಿದರೆ ಅಪಾಯ.

ಡೋಪಮಿನ್ ಎಂದರೆ ಸುಖದ ರಸ ಎಂದು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದು ಅಷ್ಟು ಸರಿಯಲ್ಲ. 1989ರಲ್ಲಿ ಅಮೆರಿಕದ ಕೆಂಟ್ ಬೆರಿಜ್ ಮತ್ತು ಸಂಗಡಿಗರು ಇಲಿಗಳ ಮೆದುಳಿನಲ್ಲಿ ಡೋಪಮಿನ್ನನ್ನು ಬಹುಮಟ್ಟಿಗೆ ಇಲ್ಲವಾಗಿಸಿದರು. ಅಂಥ ಇಲಿಗಳು ಎದುರಿಗಿದ್ದ ಆಹಾರದ ಕಡೆಗೆ ಹೋಗಲಿಲ್ಲ. ಬಿಟ್ಟರೆ ಹಸಿದೇ ಸಾಯುವಂಥ ಸ್ಥಿತಿ. ಆದರೆ ಸಕ್ಕರೆಯ ನೀರನ್ನು ಬಾಯಿಗೆ ಬಿಟ್ಟಾಗ, ಮೊದಲಿನಂತೆಯೇ ನಾಲಗೆ ಚಾಚಿ ಚಪ್ಪರಿಸಿದವು. ರುಚಿ ಹೋಗಿರಲಿಲ್ಲ. ರುಚಿಯ ಕಡೆಗೆ ಎದ್ದುಹೋಗುವ ಒತ್ತಾಸೆ ಹೋಗಿತ್ತು. ನಮ್ಮ ಮಾತಿನಲ್ಲಿ ಈ ಎರಡಕ್ಕೂ ಬೇರೆಬೇರೆ ಪದಗಳೇ ಇವೆ: ‘ಬೇಕು’ ಒಂದು, ‘ಸೇರುತ್ತದೆ’ ಇನ್ನೊಂದು. ಹೋಳಿಗೆ ನನಗೆ ಸೇರುತ್ತದೆ ಎಂಬುದು ನಾಲಗೆಯ ಮಾತು. ಹೋಳಿಗೆ ಬೇಕು ಎಂಬುದು ಕಾಲನ್ನು ಅಡುಗೆಮನೆಗೆ ನಡೆಸುವ ಮಾತು. ಆರೋಗ್ಯವಂತರಲ್ಲಿ ಎರಡೂ ಜೋಡೆತ್ತಿನಂತೆ ಒಂದೇ ನೊಗಕ್ಕೆ ಕಟ್ಟಿಕೊಂಡು ನಡೆಯುವುದರಿಂದ ಅವು ಎರಡೆಂಬುದೇ ನಮಗೆ ತೋರುವುದಿಲ್ಲ. ರೋಗದಲ್ಲಿ ಒಂದು ಎತ್ತು ಬಿದ್ದಾಗ ತೋರುತ್ತದೆ.

ಇದನ್ನು ಹೇಳಿದಾಗ ಹುಡುಗನ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೌದ್ರೀ, ಜಿಲೇಬಿ ಬೇಕನ್ನಾಂಗಿಲ್ಲ. ಕೈಯಾಗ ಕೊಟ್ಟರ ಎರಡು ತಿಂತಾರ,” ಎಂದರು.

ಎಲ್ಲರಲ್ಲಿಯೂ ಹೀಗೆಯೇ ಎಂದಲ್ಲ. ಕೆಲವರಲ್ಲಿ ‘ಸೇರುವುದು’ ಕೂಡ ಮಬ್ಬಾಗುತ್ತದೆ. ಮತ್ತೆ ಕೆಲವರಿಗೆ ಬೇಕೆನಿಸಿದರೂ ಯಾವುದಾದ ಮೇಲೆ ಯಾವುದನ್ನು ಮಾಡಬೇಕೆಂಬ ಕ್ರಮ ಹೊಳೆಯುವುದಿಲ್ಲ. ಆದರೆ ಮೂಲದಲ್ಲಿ ಕೆಟ್ಟಿರುವುದು ಹಣೆಯ ಹಿಂದಿನ ಮುಂಮೆದುಳು ಮತ್ತು ಮೆದುಳಿನ ಆಳದಲ್ಲಿರುವ ಕೆಲವು ಗಂಟುಗಳ ನಡುವಿನ ದಾರಿ. ಆ ಆಳದ ಗಂಟುಗಳಲ್ಲಿ ಕಡಲೆಕಾಳಿನಷ್ಟು ಜಾಗ ಎರಡೂ ಬದಿ ಸತ್ತರೆ ಸಾಕು, ದುಡಿಯುವ ಮನುಷ್ಯ ಕುಳಿತುಬಿಡುತ್ತಾನೆ. ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಲಿನ ಕೆಂಡವಿಟ್ಟುಕೊಂಡು ಮಲಗುವವರಿಗೆ ಇಲ್ಲಿಯೇ ಒಂದು ಎಚ್ಚರಿಕೆ: ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ಉಳಿಸಿದರೂ ಹಲವು ಸಲ ಇದೇ ಗಂಟುಗಳನ್ನು ಸುಟ್ಟುಹೋಗುತ್ತದೆ.

ಫ್ರಾನ್ಸಿನ ನರವೈದ್ಯ ಡೊಮಿನಿಕ್ ಲಾಪ್ಲಾನ್ 1980ರ ದಶಕದ ಆರಂಭದಲ್ಲಿ ಇಂಥ ರೋಗಿಗಳ ಕುರಿತು ಬರೆದರು. ಅವರಲ್ಲೊಬ್ಬನಿಗೆ ಕಣಜದ ಹುಳು ಕಚ್ಚಿದ್ದರಿಂದ ಮೆದುಳಿನ ಆಳಕ್ಕೆ ಹಾನಿಯಾಗಿತ್ತು. ಬುದ್ಧಿ ಚುರುಕಾಗಿಯೇ ಇತ್ತು. ಆದರೆ ತಾನಾಗಿ ಏನನ್ನೂ ಆರಂಭಿಸುತ್ತಿರಲಿಲ್ಲ. ದಿನವಿಡೀ ಸುಮ್ಮನಿದ್ದರೂ ಬೇಸರವೆನ್ನುತ್ತಿರಲಿಲ್ಲ. ಆಶ್ಚರ್ಯವೆಂದರೆ, ಬೇರೆಯವರು ಹೇಳಿ ಹಚ್ಚಿದರೆ ಕಷ್ಟದ ಇಸ್ಪೀಟಿನ ಆಟವನ್ನೂ ಆಡಬಲ್ಲವನಾಗಿದ್ದ. ಒಳಗಿನ ಕಿಡಿ ಆರಿದ್ದರೂ ಹೊರಗಿನಿಂದ ಕಿಡಿ ತಾಗಿಸಿದರೆ ಎಣ್ಣೆ, ಬತ್ತಿ ಎರಡೂ ಇದ್ದವು. ಆಕ್ಸ್‌ಫರ್ಡಿನ ಮಸೂದ್ ಹುಸೇನ್ ಎಂಬ ನರವೈದ್ಯರ ತಂಡ 2013ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಕರಣದಲ್ಲಿ, ಆಳದ ಗಂಟುಗಳಿಗೆ ಎರಡೂ ಬದಿ ಸಣ್ಣ ಪಾರ್ಶ್ವವಾಯು ತಗುಲಿದ ಒಬ್ಬ ವ್ಯಕ್ತಿ ಹಣದ ಬಹುಮಾನವಿಟ್ಟರೂ ಪರೀಕ್ಷೆಯಲ್ಲಿ ಚುರುಕಾಗುತ್ತಿರಲಿಲ್ಲ. ಡೋಪಮಿನ್‌ನಂತೆ ವರ್ತಿಸುವ ಔಷಧ ಕೊಟ್ಟ ಮೇಲೆ ಬಹುಮಾನಕ್ಕೆ ಸ್ಪಂದಿಸತೊಡಗಿದ, ಜನರೊಡನೆ ಬೆರೆಯತೊಡಗಿದ, ಕೊನೆಗೆ ಕೆಲಸವನ್ನೂ ಹಿಡಿದ. ಎಲ್ಲ ರೋಗಿಗಳೂ ಹೀಗೆ ಎದ್ದು ನಡೆಯುತ್ತಾರೆಂದು ನಾನು ಹೇಳಲಾರೆ. ಆಲ್ಝೈಮರ್ ರೋಗದ ನಿರಾಸಕ್ತಿಗೆ ಮೀಥೈಲ್‌ಫೆನಿಡೇಟ್ ಎಂಬ ಔಷಧವನ್ನು 200 ಜನರಲ್ಲಿ ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಲಾಭ ಕಂಡಿತು, ಆದರೆ ಸಾಧಾರಣವಾಗಿ. ಈ ಔಷಧಗಳಿಗೆ ತಮ್ಮದೇ ತೊಡಕುಗಳಿವೆ. ಡೋಪಮಿನ್ನಂತೆ ವರ್ತಿಸುವವು ಕೆಲವರಲ್ಲಿ ‘ಬೇಕು’ ಎಂಬುದನ್ನು ಅತಿಯಾಗಿಸಿ ಜೂಜಿಗೂ ಹಚ್ಚುತ್ತವೆ. ಕೊಡುವುದು ಬಿಡುವುದು ನರವೈದ್ಯರ ವಿವೇಚನೆ.

ಖಿನ್ನತೆಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮನೆಯವರು ತಿಳಿದಿರಬೇಕು. ಖಿನ್ನತೆಯಲ್ಲಿ ನೋವಿದೆ: ಅಳು, ತಾನು ಭಾರವಾದೆನೆಂಬ ಮಾತು, ನಿದ್ದೆಯಿಲ್ಲದ ರಾತ್ರಿ, ಸಾಯಬೇಕೆಂಬ ಯೋಚನೆ. ನಾನು ಹೇಳುತ್ತಿರುವ ಸ್ಥಿತಿಯಲ್ಲಿ ಆ ನೋವು ಕಾಣುವುದಿಲ್ಲ. ಎರಡೂ ಒಟ್ಟಿಗೆ ಇರುವುದೂ ಉಂಟು. ಸಾವಿನ ಮಾತು ಬಂದರೆ ಮಾತ್ರ ಒಂದು ದಿನವೂ ತಡಮಾಡಕೂಡದು.

ನಮ್ಮ ಭಾಗದ ಮನೆಗಳಲ್ಲಿ ಈ ರೋಗವನ್ನು ಸಹಿಸಿಕೊಳ್ಳುವುದು ಬೇರೆಡೆಗಿಂತ ಕಷ್ಟವೆಂದು ನನಗೆ ಅನೇಕ ಸಲ ಅನಿಸಿದೆ. ನಾವು ಕಲ್ಯಾಣದ ನೆರೆಯವರು. ಕಾಯಕವನ್ನು ಪೂಜೆಗಿಂತ ಮಿಗಿಲೆಂದು ಕೇಳಿ ಬೆಳೆದವರು. ತಾಂಡೂರಿನ ಕಲ್ಲಿನ ಗಣಿಯಲ್ಲಿ ಫರ್ಸಿ ಎತ್ತುವವರಾಗಲಿ, ನಾರಾಯಣಖೇಡದ ಒಣಭೂಮಿಯಲ್ಲಿ ಮಳೆಯನ್ನು ನಂಬಿ ಬಿತ್ತುವವರಾಗಲಿ, ಕೈಕಟ್ಟಿ ಕುಳಿತವನನ್ನು ಗೌರವಿಸಿದವರಲ್ಲ. ಆದ್ದರಿಂದ ಕುಳಿತ ಹಿರಿಯರನ್ನು ಕಂಡಾಗ ರೋಗಕ್ಕಿಂತ ಮೊದಲು ನೀತಿ ನೆನಪಾಗುತ್ತದೆ. ಆದರೆ ಅದೇ ಶರಣರ ಕಥೆಗಳಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳಿದ್ದಾರೆ. ಅನುಭಾವದ ಗೋಷ್ಠಿಯಲ್ಲಿ ಮೈಮರೆತ ಗಂಡನಿಗೆ ಕಾಯಕ ನಿಂತಿದೆಯೆಂದು ನೆನಪಿಸಿ ಎಬ್ಬಿಸಿ ಕಳಿಸಿದವಳು ಲಕ್ಕಮ್ಮ. ಮಾರಯ್ಯನಿಗೆ ರೋಗವಿತ್ತೆಂದು ನಾನು ಹೇಳುತ್ತಿಲ್ಲ. ಒಬ್ಬರ ಕೆಲಸಕ್ಕೆ ಇನ್ನೊಬ್ಬರ ಮಾತು ಚಾಲನೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ ಎಂದಷ್ಟೆ.

ಮನೆಯಲ್ಲಿ ಮಾಡಬಹುದಾದ ಕೆಲಸವೂ ಅಲ್ಲಿಂದಲೇ ಆರಂಭವಾಗುತ್ತದೆ. “ಬರ್ತೀರೇನು? ಬೇಕೇನು? ಏನು ಮಾಡ್ತೀರಿ?” ಎಂದು ಕೇಳುವುದನ್ನು ಬಿಡಬೇಕು. ಯಾವುದು ಬತ್ತಿದೆಯೋ ಅದೇ ಬಾವಿಗೆ ಕೊಡ ಇಳಿಸಿದಂತೆ ಆ ಪ್ರಶ್ನೆ. ಉತ್ತರ ಬರುವುದಿಲ್ಲ, ಬಾರದ್ದಕ್ಕೆ ನಮಗೆ ಸಿಟ್ಟು. ಅದರ ಬದಲು ಚಪ್ಪಲಿಯನ್ನು ಕಾಲಬಳಿ ಇಟ್ಟು, ಕೈಹಿಡಿದು, “ಬರ್ರೀ, ಹನುಮಪ್ಪನ ಗುಡಿ ತನಕ ಹೋಗಿ ಬರೋಣ” ಎಂದರೆ ಬಹಳ ಸಲ ಎದ್ದು ಬರುತ್ತಾರೆ. ಹೊಸ ಹವ್ಯಾಸಗಳನ್ನು ಕಲಿಸಹೋಗುವುದಕ್ಕಿಂತ ಕೈ ಬಲ್ಲ ಹಳೆಯ ಕೆಲಸ ಒಳ್ಳೆಯದು. ತೊಗರಿ ಹಸನು ಮಾಡುವುದು, ಹಗ್ಗ ಹೊಸೆಯುವುದು, ಶೇಂಗಾ ಸುಲಿಯುವುದು. ಕೆಲಸ ಚಿಕ್ಕದಿರಲಿ, ದಿನವೂ ಅದೇ ಹೊತ್ತಿಗೆ ಇರಲಿ. ಆಕಾಶವಾಣಿಯ ವಾರ್ತೆಯಾದ ಕೂಡಲೇ ಸ್ನಾನ, ಹುಡುಗ ಶಾಲೆಯಿಂದ ಬಂದ ಕೂಡಲೇ ನಡಿಗೆ ಎಂದು ಒಂದಕ್ಕೊಂದು ಗಂಟುಹಾಕಿದರೆ ಒಳಗಿನ ಕಿಡಿಯ ಕೆಲಸವನ್ನು ಗಡಿಯಾರ ಮಾಡೀತು. ಪಾರ್ಕಿನ್ಸನ್ ಮಾತ್ರೆ ನುಂಗುವವರಾದರೆ ಮಾತ್ರೆ ಹಿಡಿದಿರುವ ಹೊತ್ತನ್ನು ನೋಡಿಕೊಂಡು ಎಬ್ಬಿಸಬೇಕು. ಸಂಜೆಗೆ ದಣಿದಿದ್ದರೆ ಬಿಟ್ಟುಬಿಡಬೇಕು.

ಈ ಕೆಲಸಕ್ಕೆ ಮನೆಯಲ್ಲಿ ಯಾರು ತಕ್ಕವರು? ನನ್ನ ಅನುಭವದಲ್ಲಿ ಮೊಮ್ಮಕ್ಕಳು. ದೊಡ್ಡವರ ಮಾತಿನಲ್ಲಿ ಎಷ್ಟು ಅಡಗಿಸಿಟ್ಟರೂ ಹಳೆಯ ಲೆಕ್ಕ ಇಣುಕುತ್ತದೆ. ನೀನು ನನಗೆ ಅಂದು ಹೀಗೆಂದೆ, ಇಂದು ಹೀಗೆ ಕುಳಿತೆ ಎಂಬ ಲೆಕ್ಕ. ಮಕ್ಕಳಿಗೆ ಆ ಖಾತೆಯಿಲ್ಲ. ಆದರೆ ಮಕ್ಕಳಿಗೆ ಒಂದು ಮಾತನ್ನು ಮೊದಲೇ ಹೇಳಿಡಬೇಕು: ಮುತ್ಯಾ ನಗದಿದ್ದರೆ ನಿನ್ನ ಮೇಲಿನ ಪ್ರೀತಿ ಹೋಗಿದೆಯೆಂದು ತಿಳಿಯಬೇಡ. ದೊಡ್ಡವರಿಗೂ ಇದನ್ನು ಹೇಳಬೇಕಾಗುತ್ತದೆ. ಈ ರೋಗದ ವಿಚಿತ್ರವೇನೆಂದರೆ, ರೋಗಿಗಿಂತ ಹೆಚ್ಚಾಗಿ ನೋಯುವವರು ನೋಡಿಕೊಳ್ಳುವವರು. ಇಪ್ಪತ್ತು ವರ್ಷ ಬಡಿಸಿದ ಸೊಸೆಗೆ ಒಂದು ದಿನವೂ “ಚೆನ್ನಾಗಿದೆ” ಎಂಬ ಮಾತಿಲ್ಲ. ಮೇಲೆ ನೆಂಟರ ಅನುಮಾನ ಬೇರೆ. ಆಕೆಗೂ ವಾರಕ್ಕೊಂದು ಹೊತ್ತು ಬಿಡುವು ಕೊಡಿಸುವುದು ಮನೆಯ ಗಂಡಸರ ಹೊಣೆ. ಮಾತನಾಡಿಕೊಳ್ಳಲು ಯಾರೂ ಇಲ್ಲದವರಿಗೆ ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಣ ಬೀಳುವುದಿಲ್ಲ. ಕನ್ನಡವೂ ಅಲ್ಲಿಯ ಭಾಷೆಗಳಲ್ಲಿ ಒಂದು.

ಈಗ ಆಸ್ಪತ್ರೆಯ ಮಾತು. ಇಲ್ಲಿ ನಮಗೆ, ಅಂದರೆ 1956ರ ನವೆಂಬರ್ 1ರಂದು ಬೀದರ, ಕಲಬುರಗಿ ಜಿಲ್ಲೆಗಳಿಂದ ಬೇರ್ಪಟ್ಟು ಗಡಿಯ ಈಚೆ ಉಳಿದ ತಾಲ್ಲೂಕುಗಳ ಕನ್ನಡಿಗರಿಗೆ, ಒಂದು ವಿಶೇಷ ತೊಡಕಿದೆ. ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಇನ್ನೊಬ್ಬ ಹಿರಿಯರನ್ನು ಕರೆದುಕೊಂಡು ಹೋದ ಪ್ರಸಂಗದಲ್ಲಿ ನಾನೇ ಇದ್ದೆ. ವೈದ್ಯರು ತೆಲುಗಿನಲ್ಲಿ ಏನು ತೊಂದರೆಯೆಂದು ಕೇಳಿದರು. ಹಿರಿಯರು ಸುಮ್ಮನಿದ್ದರು. ಹಿಂದಿಯಲ್ಲಿ ಕೇಳಿದರು, “ಕುಛ್ ನಹೀ” ಎಂದರು. ನಾಲ್ಕು ನಿಮಿಷದಲ್ಲಿ ಶಕ್ತಿಯ ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದರು. ಭಾಷೆ ಬಾರದ್ದರಿಂದ ಸುಮ್ಮನಿದ್ದಾರೆಂದು ವೈದ್ಯರು ತಿಳಿದರು. ಭಾಷೆ ಬಂದಿದ್ದರೂ ಅವರು ಅದನ್ನೇ ಹೇಳುತ್ತಿದ್ದರೆಂಬುದು ನಮಗೆ ಗೊತ್ತಿತ್ತು, ಆದರೆ ಅದನ್ನು ಹೇಳುವುದು ನಮಗೂ ಹೊಳೆಯಲಿಲ್ಲ. ದೂರುವುದೂ ಒಂದು ಬಗೆಯ ‘ಬೇಕು’ ತಾನೆ? ಅದು ಬತ್ತಿದವರು ತಮ್ಮ ರೋಗವನ್ನು ತಾವೇ ಹೇಳಿಕೊಳ್ಳುವುದಿಲ್ಲ. ಹತ್ತಿರದವರು ಹೇಳದಿದ್ದರೆ ಆ ರೋಗ ಕಡತದಲ್ಲಿ ಇರುವುದೇ ಇಲ್ಲ.

ಆದ್ದರಿಂದ ಹೋಗುವ ಮೊದಲು ಒಂದು ಹಾಳೆ ಬರೆಯಿರಿ. ನಮ್ಮ ಶಾಲೆಯ ಮಕ್ಕಳು ಕನ್ನಡದ ಜೊತೆಗೆ ತೆಲುಗು, ಹಿಂದಿ, ಇಂಗ್ಲಿಷ್ ಓದುತ್ತಾರೆ. ಮನೆಯವರು ಕನ್ನಡದಲ್ಲಿ ಹೇಳಿದ್ದನ್ನು ಅವರು ತೆಲುಗಿನಲ್ಲಿ ಬರೆದುಕೊಡಲಿ. ಹತ್ತಿರವೆಂದು ಬೀದರಕ್ಕೋ ಕಲಬುರಗಿಗೋ ಹೋಗುವವರು ಕನ್ನಡದ ಹಾಳೆಯನ್ನೇ ಒಯ್ಯಬಹುದು. ಯಾವ ತಿಂಗಳಿಂದ ಹೀಗಾಗಿದೆ, ಮೊದಲು ತಾವಾಗಿ ಏನೇನು ಮಾಡುತ್ತಿದ್ದರು, ಈಗ ಯಾವುದನ್ನು ಹೇಳಿದರೆ ಮಾತ್ರ ಮಾಡುತ್ತಾರೆ, ಅಳುತ್ತಾರೆಯೆ, ನಿದ್ದೆ ಹೇಗಿದೆ, ಬಿದ್ದಿದ್ದರೆ ಯಾವಾಗ, ನುಂಗುವ ಎಲ್ಲ ಮಾತ್ರೆಗಳ ಹೆಸರು. ಕೊನೆಯದು ಬಹು ಮುಖ್ಯ. ನಿದ್ದೆಯ ಮಾತ್ರೆ, ಕೆಲವು ಮನೋರೋಗದ ಮಾತ್ರೆಗಳು ಕೂಡ ಮನುಷ್ಯನನ್ನು ಹೀಗೆ ಕೂರಿಸುತ್ತವೆ. ಥೈರಾಯ್ಡ್ ಕುಗ್ಗಿದ್ದರೆ, ಬಿ12 ಜೀವಸತ್ತ್ವ ಕಡಿಮೆಯಿದ್ದರೆ, ತಲೆಗೆ ಏಟು ಬಿದ್ದು ವಾರಗಳ ಮೇಲೆ ಮೆದುಳಿನ ಹೊರಗೆ ರಕ್ತ ಹೆಪ್ಪುಗಟ್ಟಿದ್ದರೆ ಹೀಗಾಗಬಹುದು. ಇವು ಪರೀಕ್ಷೆಯಿಂದ ತಿಳಿಯುವಂಥವು, ಚಿಕಿತ್ಸೆಯಿರುವಂಥವು. ಕಿವಿ ಕೇಳಿಸದೆ ಸುಮ್ಮನಾದವರನ್ನೂ ಕಂಡಿದ್ದೇನೆ. ಒಂದೇ ದಿನದಲ್ಲಿ, ಗಂಟೆಗಳಲ್ಲಿ ಹೀಗಾದರೆ ಹಾಳೆ ಬರೆಯುತ್ತ ಕೂಡಬಾರದು. ಅದು ಹೊಸ ಪಾರ್ಶ್ವವಾಯುವೇ ಆಗಿರಬಹುದು, ಕೂಡಲೇ ಒಯ್ಯಬೇಕು. ಹೈದರಾಬಾದಿನ ನಿಮ್ಸ್‌ನಲ್ಲಿಯೂ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ನರರೋಗ ವಿಭಾಗಗಳಿವೆ. ಎರಡನೆಯದು ದೂರವಾದರೂ ರೋಗಿಯ ಮಾತು ಅಲ್ಲಿ ಅನುವಾದವಿಲ್ಲದೆ ತಲಪುತ್ತದೆ.

ಆ ಹುಡುಗ ಹಾಳೆ ಬರೆದ. ಮೂರು ಕಾಗುಣಿತದ ತಪ್ಪುಗಳಿದ್ದವು, ತಿದ್ದಲಿಲ್ಲ. ಅದನ್ನು ಓದಿದ ವೈದ್ಯರು ಮುತ್ಯಾನನ್ನು ಬಿಟ್ಟು ಸೊಸೆಯೊಡನೆ ಹದಿನೈದು ನಿಮಿಷ ಮಾತನಾಡಿದರಂತೆ. ಥೈರಾಯ್ಡ್, ಬಿ12 ಸರಿಯಿದ್ದವು. ಸ್ಕ್ಯಾನಿನಲ್ಲಿ ಆಳದ ಗಂಟಿನ ಹಳೆಯ ಗಾಯ ಕಂಡಿತು. ಒಂದು ಮಾತ್ರೆ ಕೊಟ್ಟಿದ್ದಾರೆ, ಅದರಿಂದ ಏನಾದೀತೆಂದು ಈಗಲೇ ಹೇಳುವಂತಿಲ್ಲ. ಸಂಜೆ ನಾಲ್ಕೂವರೆಗೆ ಹುಡುಗ ಚೀಲವಿಟ್ಟು ಚಪ್ಪಲಿ ತಂದಿಡುತ್ತಾನೆ. ಇಬ್ಬರೂ ಗುಡಿಯವರೆಗೆ ಹೋಗಿ ಬರುತ್ತಾರೆ. ಹುಡುಗ ಹೋಗದ ದಿನ ಮುತ್ಯಾ ಹೋಗುವುದಿಲ್ಲ.

ಮೊನ್ನೆಯ ಎಳ್ಳಮಾವಾಸ್ಯೆಯಂದು ಯಾರೂ ಅವರನ್ನು ಬರುವಿರಾ ಎಂದು ಕೇಳಲಿಲ್ಲ. ಪಟಗಾ ಸುತ್ತಿ, ಆಟೋದಲ್ಲಿ ಕೂರಿಸಿ ಒಯ್ದರು. ಹೊಲದಲ್ಲಿ ಕೂರಿಸಿದಲ್ಲಿ ಕುಳಿತಿದ್ದರು. ಪೂಜೆಯಾದ ಮೇಲೆ ಮಗ ಚರಗದ ಬುಟ್ಟಿಯನ್ನು ತಂದೆಯ ಕೈಗೇ ಕೊಟ್ಟು, ಹೆಗಲು ಹಿಡಿದು ಬದುವಿನ ಮೇಲೆ ನಿಲ್ಲಿಸಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಲಗೈ ಬುಟ್ಟಿಗೆ ಹೋಯಿತು, ಒಂದು ಹಿಡಿ ಚೆಲ್ಲಿತು, ಮತ್ತೊಂದು ಹಿಡಿ ಚೆಲ್ಲಿತು. ಹೊಲದ ನಾಲ್ಕೂ ಬದಿ ಹೋಗಿ ಬಂದರಂತೆ. ಕೂಗು ಹಾಕಲಿಲ್ಲ, ಅದನ್ನು ಮೊಮ್ಮಗ ಹಾಕಿದ. ಮನೆಗೆ ಹೋಗೋಣವೆಂದೂ ಅವರು ಕೇಳಲಿಲ್ಲ, ಕತ್ತಲಾಗುವ ಮೊದಲು ಎಲ್ಲರೊಡನೆ ಕರೆತಂದರು.